ಹತ್ತು ಎಣಿಸುವ ತನಕ ಕೂತಿರು

ಮೇ 4, 1891. ಟ್ರಾಯ್. ಸಂಜೆ

ತಂಗಿಯ ಗಂಡ ಕಾನ್‌ನ ಕೈಗಳನ್ನು ಉಪ್ಪುನೀರಲ್ಲಿ ನೆನೆಹಾಕಿದ್ದಾಯಿತು. ಬರಿಗೈ ಮುಷ್ಟಿಕಾಳಗದ ಕಾಲದಿಂದ ಬಂದ ಅಭ್ಯಾಸ. ಚರ್ಮ ಗಟ್ಟಿಯಾಗಬೇಕಲ್ಲ. ಇವತ್ತು ನಕ್ಕುಬಿಟ್ಟ.

"ಗ್ಲೌಸ್ ಹಾಕ್ಕೊಳ್ಳೋ ಕೈಗೆ ಇದ್ಯಾಕೆ ಭಾವ? ಉಪ್ಪಿನಕಾಯಿ ಹಾಕ್ತಿದೀಯಾ?"

ನಿಜ. ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುವ ಪಂದ್ಯ ಹೊಸ ಕಾನೂನಿನದು. ಗ್ಲೌಸ್, ಮೂರು ನಿಮಿಷದ ರೌಂಡು, ಗಂಟೆ. ಎದುರಾಳಿ ಇವಾನ್ ಪ್ರಾಸರ್. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯವನು, ವೇಲ್ಸ್ ಕಡೆಯವರ ಮಗ, ಇಪ್ಪತ್ತನಾಲ್ಕು. ನಮ್ಮವನಿಗೆ ಮೂವತ್ತೈದು. ಗೆದ್ದರೆ ಹೆವಿವೇಟ್ ಚಾಂಪಿಯನ್ ಪಟ್ಟ ಉಳಿಯುತ್ತದೆ. ಸೋತರೆ ಮತ್ತೆ ಒಲೆ ಎರಕ ಹೊಯ್ಯುವ ಕಾರ್ಖಾನೆ.

ಆದರೂ ಕೈ ನೆನೆಹಾಕಿದೆ. ಬಿಡಲಿಕ್ಕೆ ಮನಸ್ಸಾಗಲಿಲ್ಲ.

ಮೇ 11

ಹೊಸ ಕಾನೂನು ಎರಡು ಸಲ ಓದಿದೆ. ಹಾಳು ಕಾನೂನು.

ಮೊದಲು ಹೇಗಿತ್ತು? ಬಿದ್ದರೆ ರೌಂಡು ಮುಗಿಯಿತು. ನಾನು ಓಡಬೇಕು, ಎತ್ತಬೇಕು, ಮೂಲೆಗೆ ತಂದು ನನ್ನ ಮೊಣಕಾಲ ಮೇಲೆ ಕೂರಿಸಬೇಕು. ಅರ್ಧ ನಿಮಿಷ. ಬಾಯಿಗೆ ನೀರು, ಕಿವಿಗೆ ಎರಡು ಮಾತು. ಹಡ್ಸನ್ ನದಿಯ ದೋಣಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಆಡಿದ ಮೊದಲ ಪಂದ್ಯ... ಹಿಮ ಸುರಿಯುವಾಗ ಕೊಟ್ಟಿಗೆಯಲ್ಲಿ ಪಟ್ಟ ಗೆದ್ದ ದಿನ... ಎಲ್ಲದರಲ್ಲೂ ಚಾಂಪಿಯನ್ನರ ಕುಂಡಿ ನನ್ನ ತೊಡೆಯ ಮೇಲೆ. ಚಳಿಗೆ ಈಗಲೂ ಆ ಮೊಣಕಾಲು ಕಡಿಯುತ್ತದೆ.

ಈಗ ಬಿದ್ದರೆ ರೆಫರಿ ಹತ್ತು ಎಣಿಸುತ್ತಾನಂತೆ. ತಾನೇ ಏಳಬೇಕಂತೆ. ಮೂಲೆಯವನು, ಅಂದರೆ ನಾನು, ಹಗ್ಗ ದಾಟಿದರೆ ಅಲ್ಲಿಗೆ ಸೋಲು.

ಜೂನ್ 2

ಅಭ್ಯಾಸದಲ್ಲಿ ಕಾನ್ ಬಿದ್ದ. ನೋಡಿದರೆ ನಾನು ಹಗ್ಗದ ಒಳಗಿದ್ದೇನೆ. ಹೇಗೆ ಹೋದೆನೋ ಗೊತ್ತಿಲ್ಲ. ಮಧ್ಯಾಹ್ನ ಮತ್ತೆ ಅದೇ. ಸಂಜೆಯೂ.

ಕಾನ್ ಗ್ಲೌಸ್ ಕಿತ್ತೆಸೆದ. "ನಾನು ಸೋಲೋದಾದ್ರೆ ಅವನ ಗುದ್ದಿಗೆ ಸೋಲ್ತೀನಿ, ನಿನ್ನ ಕಾಲಿಗಲ್ಲ! ನ್ಯೂ ಆರ್ಲಿಯನ್ಸ್‌ಗೆ ಬರ್ಬೇಡ. ಮನೇಲಿರು."

ನೀರಿನ ಬಾಟಲಿ ಅಲ್ಲೇ ಇಟ್ಟು ಬಂದೆ.

ಜೂನ್ 29

ಅಭ್ಯಾಸದ ಕೊಟ್ಟಿಗೆಯ ಕಡೆ ತಲೆ ಹಾಕಿಲ್ಲ. ಹೊಟ್ಟೆ ಉರಿಯುತ್ತದೆ. ಬೇರೆ ಯಾವನೋ ಅವನ ಮುಖ ಒರೆಸುತ್ತಾನೆ ಅಂದರೆ...

ಇವತ್ತು ಪೂಜೆ ಮುಗಿದ ಮೇಲೆ ಡೀಲಿಯಾ ಚರ್ಚಿನ ಬಾಗಿಲಲ್ಲೇ ಹಿಡಿದಳು. ನನ್ನ ತಂಗಿ, ಕಾನ್‌ನ ಹೆಂಡತಿ. ಇಬ್ಬರಿಗೂ ಅವಳೆಂದರೆ ಭಯ.

"ಅಣ್ಣಾ, ನಾಳೆ ಅಡುಗೆಮನೆಗೆ ಬಾ. ಚಾಕು ತಗೊಂಡು ಬಾ."

"ಅವನನ್ನ ಕೊಲ್ಲೋಕಾ?"

"ಆಲೂಗಡ್ಡೆ ಸುಲಿಯೋಕೆ. ಬಾಯ್ಮುಚ್ಕೊಂಡು ಬಾ."

ಜುಲೈ 8

ಅವಳ ವಿದ್ಯೆ ಹೀಗೆ: ಕಾನ್ ಅಡುಗೆಮನೆಯಲ್ಲಿ ದೊಪ್ಪನೆ ಬೀಳುತ್ತಾನೆ. ಅವಳು ಬಾಣಲೆಗೆ ಸೌಟು ಬಡಿಯುತ್ತಾ ಹತ್ತು ಎಣಿಸುತ್ತಾಳೆ. ನಾನು ಸ್ಟೂಲಿನ ಮೇಲೆ ಆಲೂಗಡ್ಡೆ ಸುಲಿಯುತ್ತಿರಬೇಕು. ಎದ್ದರೆ ರಾತ್ರಿ ಊಟವಿಲ್ಲ.

ಮೊದಲ ದಿನ ಊಟವಿಲ್ಲ. ಎರಡನೆಯ ದಿನವೂ ಇಲ್ಲ. ಕಾನ್ ಬಿದ್ದಲ್ಲಿಂದಲೇ ಕಿಸಕ್ಕನೆ ನಗುತ್ತಾನೆ. ಇವತ್ತು ಬೆರಳು ಕುಯ್ದುಕೊಂಡೆ, ಆದರೆ ಕೂತೇ ಇದ್ದೆ! ಕೆಳಮನೆಯ ಮಿಸೆಸ್ ಗೀಗನ್ ಪೊರಕೆಯ ಹಿಡಿಯಿಂದ ತನ್ನ ಚಾವಣಿ ಗುದ್ದಿದಳು. "ಅಲ್ಲೇನು ಆನೆ ಕುಣಿಸ್ತಿದೀರಾ?"

ರಾತ್ರಿ ಊಟ ಸಿಕ್ಕಿತು: ಎಲೆಕೋಸು, ಹಂದಿಮಾಂಸ. ಕಾನ್ ತನ್ನ ತಟ್ಟೆಯಿಂದ ಒಂದು ತುಂಡು ನನಗೆ ದಾಟಿಸಿದ. ಅಷ್ಟು ಸಾಕು.

ಆಗಸ್ಟ್ 30

ಕೂತಿರುತ್ತೇನೆ. ಈಗ ಪೂರ್ತಿ ಕೂತಿರುತ್ತೇನೆ. ಇಡೀ ಬೀದಿಗೆ ಆಲೂಗಡ್ಡೆ ಸಾರು ಹಂಚುತ್ತಿದ್ದಾಳೆ ಡೀಲಿಯಾ. ನಾಳಿನ ರೈಲಿಗೆ ನಾನೂ ಹೊರಟಿದ್ದೇನೆ. ಕೋಟಿನ ಜೇಬಿಗೆ ಅವಳೇ ಒಂದು ಆಲೂಗಡ್ಡೆ ತುರುಕಿದಳು.

ಸೆಪ್ಟೆಂಬರ್ 7. ನ್ಯೂ ಆರ್ಲಿಯನ್ಸ್

ಬೆವರು ನಿಲ್ಲುವುದೇ ಇಲ್ಲ. ತೂಕ ನೋಡುವಲ್ಲಿ ಪ್ರಾಸರ್ ಸಿಕ್ಕಿದ. ಒಳ್ಳೆಯ ಮುಖ. ಅವನ ಮೂಲೆಯವನು ಅಪ್ಪನೇ. ಮುದುಕನ ಮುಖದ ಮೇಲೆ ಕಲ್ಲಿದ್ದಲ ಪುಡಿ ಸೇರಿ ನೀಲಿಗಟ್ಟಿದ ಗಣಿಯ ಹಳೆ ಗಾಯಗಳು. ನನ್ನ ಪಕ್ಕ ಬಂದು ಕೂತ.

"ನಿಮ್ದೂ ಮೊಣಕಾಲೇನಪ್ಪಾ?"

"ಹೂಂ. ಎಡಗಾಲು."

"ನಂದು ಬಲಗಾಲು." ಸವರಿಕೊಂಡ. "ಇದೆಂಥ ಕಾನೂನ್ರೀ? ಮಗ ಬಿದ್ರೆ ಅಪ್ಪ ಕೂತ್ಕೊಂಡು ನೋಡ್ಬೇಕಂತೆ."

ಆಲೂಗಡ್ಡೆಯ ವಿಷಯ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ಪಂದ್ಯ ಅಂದರೆ ಪಂದ್ಯ.

ಸೆಪ್ಟೆಂಬರ್ 9. ಬೆಳಗ್ಗೆ

ನಿನ್ನೆಯದನ್ನು ಬರೆದುಬಿಡಬೇಕು.

ಒಂಬತ್ತನೆಯ ರೌಂಡು. ಪ್ರಾಸರ್‌ನ ಬಲಗೈ ಬಂದದ್ದೇ ಕಾಣಲಿಲ್ಲ. ಕಾನ್ ಅಂಗಾತ ಬಿದ್ದ. ಒಂದು, ಎರಡು... ನನ್ನ ಕಾಲು ಎದ್ದಿತ್ತು, ದೇವರಾಣೆ. ಜೇಬಿಗೆ ಕೈ ಹಾಕಿದೆ. ಆಲೂಗಡ್ಡೆ ಇದೆ, ಚಾಕು ಇಲ್ಲ. ಹೆಬ್ಬೆರಳ ಉಗುರಿನಿಂದಲೇ ಸುಲಿಯುತ್ತಾ ಕೂತೆ. ಐದಕ್ಕೆ ಕಾನ್ ತಲೆ ತಿರುಗಿಸಿ ಮೂಲೆಯ ಕಡೆ ನೋಡಿದ. ನನ್ನ ಮೊಣಕಾಲು ಹುಡುಕಿದ, ಹಳೆಯ ಅಭ್ಯಾಸ. ಎದೆ ಒಡೆದುಹೋಯಿತು ನನಗೆ. ಆಲೂಗಡ್ಡೆ ಎತ್ತಿ ತೋರಿಸಿದೆ.

ನಕ್ಕ! ರಕ್ತದ ಬಾಯಲ್ಲಿ ನಕ್ಕ. ಒಂಬತ್ತಕ್ಕೆ ಎದ್ದು ನಿಂತ. ತಾನಾಗಿಯೇ.

ಹದಿನಾರನೆಯ ರೌಂಡಿಗೆ ಪ್ರಾಸರ್ ಬಿದ್ದ. ಎಂಟು ಎಣಿಸುವಾಗ ಒಂದು ಕಾಲೂರಿದ್ದ, ಏಳುತ್ತಿದ್ದ. ಖಂಡಿತ ಎದ್ದುಬಿಡುತ್ತಿದ್ದ. ಅಷ್ಟರಲ್ಲಿ ಮುದುಕ ಹಗ್ಗ ದಾಟಿ ಓಡಿದ.

ರೆಫರಿ ಕಾನ್‌ನ ಕೈ ಎತ್ತಿದ. ಜನ ಕೂಗಿದರು, ಉಗಿದರು, ಟೋಪಿ ಎಸೆದರು. ಮುದುಕನಿಗೆ ಯಾವುದೂ ಕೇಳಿಸಿದಂತಿರಲಿಲ್ಲ. ರಿಂಗಿನ ನಡುವೆ ಒಂದು ಕಾಲು ಮಡಚಿ ಮೊಣಕಾಲು ಒಡ್ಡಿ ಕೂತಿದ್ದ. ಮಗ ಅಪ್ಪನನ್ನು ನೋಡಿದ. ಸೋತದ್ದು ಅವನಿಗೆ ಗೊತ್ತಾಗಿತ್ತು. ಹೋಗಿ ಆ ಮೊಣಕಾಲ ಮೇಲೆ ಕೂತ. ಒಂದು ಮಾತು ಬೈಯಲಿಲ್ಲ.

ನನಗೆ ಅಳು ಬಂತು. ಯಾಕೆ ಮುಚ್ಚಿಡಲಿ?

ಕಾನ್ ಅವರ ಬಳಿ ಹೋಗಿ ಬಗ್ಗಿದ. "ನೀನು ಏಳ್ತಿದ್ದೆ, ನಾನು ನೋಡ್ದೆ. ಮಾರ್ಚ್‌ನಲ್ಲಿ ಮತ್ತೆ ಆಡೋಣ. ಇದನ್ನ ಗೆಲುವು ಅಂತ ಹೇಳ್ಕೊಂಡು ಹೋದ್ರೆ ನನ್ ಹೆಂಡ್ತಿ ಬಾಗ್ಲು ತೆಗೆಯಲ್ಲ."

ಮುದುಕ ತಲೆ ಎತ್ತಲಿಲ್ಲ. "ನನ್ನಿಂದಾಗಿ ಹೋಯ್ತು ಸ್ವಾಮೀ... ಮಾರ್ಚ್‌ನಲ್ಲೂ ನಾನು ಓಡ್ತೀನಿ. ನನ್ ಕೈಲಿ ಆಗಲ್ಲ."

ಕಾನ್ ನನ್ನ ಮುಖ ನೋಡಿದ. ನಾನು ಅರ್ಧ ಸುಲಿದ ಆಲೂಗಡ್ಡೆ ಮುದುಕನ ಕೈಗಿಟ್ಟೆ.

ಸೆಪ್ಟೆಂಬರ್ 27. ಟ್ರಾಯ್. ಭಾನುವಾರ

ಮೂರು ಗಂಟೆಯ ರೈಲಿಗೆ ಪ್ರಾಸರ್ ಅಪ್ಪ, ಮಗ ಬರುತ್ತಾರೆ. ಡೀಲಿಯಾ ಒಂದು ಮೂಟೆ ಆಲೂಗಡ್ಡೆ ತರಿಸಿದ್ದಾಳೆ.

ಬೆಳಗ್ಗೆಯಿಂದ ಕಾನ್‌ನದು ಗೊಣಗಾಟ. "ಎದುರಾಳಿಗೇ ವಿದ್ಯೆ ಹೇಳ್ಕೊಡ್ತಾರಾ ಯಾರಾದ್ರೂ? ನಿಮ್ಮ ಮನೆತನವೇ ಹಿಂಗಾ?"

"ನೀನು ನಿಂತು ಗೆಲ್ಲು. ಅವರಪ್ಪ ಕೂತು ನೋಡ್ಲಿ. ಆಗ ನಾನೂ ಒಪ್ತೀನಿ ಚಾಂಪಿಯನ್ ಅಂತ," ಅಂದಳು ಡೀಲಿಯಾ.

ಅವನು ಗೊಣಗುತ್ತಲೇ ಮೇಜು ಕುರ್ಚಿ ಗೋಡೆಗೆ ಸರಿಸಿದ. ಬೀಳೋಕೆ ಜಾಗ ಬೇಕಲ್ಲ, ಇಬ್ಬರಿಗೆ. ಸ್ಟೂಲು ಎರಡು ಇಟ್ಟಿದ್ದೇನೆ ನಾನು. ಚಾಕು ಎರಡು. ಮಾರ್ಚ್‌ನಲ್ಲಿ ಯಾರು ಗೆದ್ದರೂ ಎದ್ದು ನಿಂತವನೇ ಗೆಲ್ಲಬೇಕು, ಅಷ್ಟೇ ನನ್ನ ಆಸೆ.

ಬಾಗಿಲು ತಟ್ಟಿದರು. ಅವರೇ. ಮಿಸೆಸ್ ಗೀಗನ್‌ಗೆ ಮೊದಲೇ ಒಂದು ಮಾತು ಹೇಳಿ ಬರಬೇಕಿತ್ತು, ಇವತ್ತು ಎರಡು ಆನೆ ಅಂತ—