ಎದೆಯೆತ್ತರದ ಸ್ವಿಚ್ಚು

ಲಾಗೋಸ್

ಅಮ್ಮಾ,

ಅಂತೂ ಸೂರು ಸಿಕ್ಕಿತು. ಊರೊಳಗೆ ಬಾಡಿಗೆ ಕೇಳಿ ಕೇಳಿ ಸಾಕಾಗಿತ್ತು. ಇಕೊರೊಡು ಕಡೆಯ ಈ ಕೋಣೆಯೊಂದೇ ಕೈಗೆಟುಕಿದ್ದು. ಗೋಡೆಗೆ ಸೊಂಟದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ. ಸ್ವಿಚ್ಚುಗಳೆಲ್ಲ, ನೆಲದ ಹತ್ತಿರ ಇರಬೇಕಾದ ಪ್ಲಗ್ಗಿನವೂ ಸೇರಿ, ಎದೆಯೆತ್ತರದಲ್ಲಿವೆ. ಯಾಕೆಂದು ಕೇಳಿದರೆ ದಲ್ಲಾಳಿ, "ಮಕ್ಕಳ ಕೈಗೆ ಸಿಗಬಾರ್ದಲ್ವಾ ಅಕ್ಕಾ!" ಎಂದು ಹಲ್ಲು ಕಿರಿದ. ದುಡ್ಡು ಕೊಟ್ಟ ಮೇಲೆ ನೋಡುತ್ತೇನೆ, ಪಕ್ಕದ ಮನೆಯವಳ ಮಂಚ ಇಟ್ಟಿಗೆಗಳ ಮೇಲೆ ನಿಂತಿದೆ. "ಮಳೆಗಾಲ ಬರ್ಲಿ, ನೀನೂ ಏರಿಸ್ತೀಯ" ಅಂದಳು.

ಶಾಲೆ ಶುರುವಾಗುವ ಹೊತ್ತಿಗೆ ನನ್ನ ಮಗಳು ಇಫೆತಾಯೊಳನ್ನು ಕಳಿಸು. ಅವಳಪ್ಪನ ದೋಣಿ ಮಗುಚಿದಂದಿನಿಂದ ನೀನು ಮಗುವನ್ನು ನೀರಿನ ಹತ್ತಿರ ಬಿಟ್ಟಿಲ್ಲ, ಗೊತ್ತು. ಆದರೂ ಕಳಿಸುವ ಮೊದಲು ತಮ್ಮ ಕಯೋಡೆಗೆ ಹೇಳಿ ಅವಳಿಗೆ ಈಜು ಕಲಿಸು.

ನಿನ್ನ
ಮೊರೆನಿಕೆ