ಸಂಜೆಗೆ ಮರಳುತ್ತಿದ್ದ ಕಂಬಳಿ

ತಾರೀಖು ಹದಿನೇಳು, ಬುಧವಾರ ಬೆಳಿಗ್ಗೆ

ನನ್ನ ಪುಟ್ಟಿಗೆ,

ಅಮ್ಮನ ನೂರು ಮುತ್ತು. ಮಂಡಿನೋವು ಹೇಗಿದೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ: ಅದು ಗಟ್ಟಿಮುಟ್ಟಾಗಿದೆ, ನಾನೇ ಸ್ವಲ್ಪ ಸೊರಗಿದ್ದೇನೆ.

ನಿನ್ನ ಎದುರುಮನೆಯಲ್ಲಿ ಬಟ್ಟೆ ಹೊಲಿಯುವವಳ ವಿಷಯ ಬರೆಯಬೇಕಿತ್ತು. ನೀನು ಅವಳಿಗೆ ಸಾಲ ಕೊಟ್ಟದ್ದು, ಎರಡು ಕಂತು ತಪ್ಪಿದ್ದಕ್ಕೆ ಮನೆಯೊಳಗೇ ಹೋಗಿ ಅವಳ ಹೊಲಿಗೆ ಯಂತ್ರ ಎತ್ತಿಸಿಕೊಂಡು ಬಂದು ನಿಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟದ್ದು, ಎಲ್ಲ ಗೊತ್ತಾಯಿತು. ಅವಳು ಒಪ್ಪಿಕೊಂಡ ನಲವತ್ತು ಸಮವಸ್ತ್ರ ಕತ್ತರಿಸಿದ ತುಂಡುಗಳಾಗಿಯೇ ಮೂಟೆಯಲ್ಲಿವೆಯಂತೆ. ಶನಿವಾರದೊಳಗೆ ಹೊಲಿಯಲು ಕೂರದಿದ್ದರೆ ಶಾಲೆಯವರು ಬಟ್ಟೆ ವಾಪಸು ಒಯ್ಯುತ್ತಾರಂತೆ. ಆಮೇಲೆ ಅವಳಿಗೆ ಉಳಿಯುವುದು ಕತ್ತರಿ ಮತ್ತು ನಿನ್ನ ಸಾಲ.

ನೀನು ಕಲ್ಲುಮನಸ್ಸಿನವಳಲ್ಲ. ಹೋದ ವರ್ಷ ಉದ್ದರಿ ಗಿರಾಕಿಯೊಬ್ಬ ಕೈಕೊಟ್ಟು ಹೋದಾಗಿನಿಂದ ನಿನಗೆ ಹೆದರಿಕೆ. ಆದರೆ ಎತ್ತಿಗೆ ಜ್ವರ ಬಂತೆಂದು ಎಮ್ಮೆಗೆ ಬರೆ ಹಾಕುವುದೇ?

ಯಾರ ಹತ್ತಿರವೂ ಕೈಚಾಚಿದವಳಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತೇನಲ್ಲ, ಅದು ಸುಳ್ಳು. ನಿಮ್ಮಪ್ಪ ಹಾಸಿಗೆ ಹಿಡಿದ ವರ್ಷ ಸೌದೆ ಅಂಗಡಿ ತಾತನ ಹತ್ತಿರ ಸಾಲ ಮಾಡಿದೆ. ಅವರು ನಮ್ಮ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು, ಒತ್ತೆಗೆ ಏನು ಕೊಡ್ತೀಯೋ ನೀನೇ ತಂದ್ಕೊಡಮ್ಮ ಎಂದರು. ಇಸ್ತ್ರಿ ಪೆಟ್ಟಿಗೆ ತಂದೆ. ಇದು ನನ್ನ ಹತ್ರ ಇದ್ರೆ ಸಾಲ ಹೇಗೆ ತೀರಿಸ್ತೀಯ, ಊರಿನ ಬಟ್ಟೆಗೆಲ್ಲ ನಾನು ಇಸ್ತ್ರಿ ಹಾಕ್ಲಾ ಎಂದು ಕೇಳಿದರು. ಮನೆಯಲ್ಲಿ ಇನ್ನು ಉಳಿದದ್ದು ಒಂದು ಕಂಬಳಿ. ಅದನ್ನೇ ಕೊಟ್ಟೆ.

ಸಂಜೆ ಬಾಗಿಲ ಹೊರಗೆ ಕೆಮ್ಮು ಕೇಳಿಸಿತು. ತಾತ ಕಂಬಳಿ ತಂದಿದ್ದರು. ಚಳಿ ಇದೆ, ಹೊದ್ಕೊಳ್ಳಿ ಎಂದರು. ಹೊದ್ದೆವು. ಬೆಳಿಗ್ಗೆ, ಒತ್ತೆ ಒತ್ತೆಯೇ ಅಲ್ಲವೇ ಎಂದುಕೊಂಡು, ಮಡಿಸಿ ಮತ್ತೆ ಅಂಗಡಿಗೆ ಕೊಟ್ಟು ಬಂದೆ. ಸಂಜೆ ಅವರು ಮತ್ತೆ ತಂದರು. ಹೀಗೆ ಒಂದು ವಾರ ಪೂರ್ತಿ. ಕೊನೆಗೆ ಏದುಸಿರು ಬಿಡುತ್ತಾ, ತಾಯೀ, ಸಾಲ ಕೊಟ್ಟವನು ನಾನು, ಬಡ್ಡಿ ಕಟ್ತಿರೋದೂ ನನ್ನ ಕಾಲೇ, ಇನ್ನು ಇದನ್ನ ತರಬೇಡ ಎಂದರು.

ಆಗಲೇ ಅವರು ಕಾರಣ ತಿಳಿಸಿದ್ದು. ಬೈಬಲಿನಲ್ಲಿ ಹಾಗೆ ವಿಧಿಸಿದೆಯಂತೆ. ಬಡವರ ಹೊದಿಕೆ ಹೊತ್ತು ಮುಳುಗುವ ಮುಂಚೆ ಅವರಿಗೆ ಮುಟ್ಟಬೇಕು. ಒತ್ತೆಗೆಂದು ಸಾಲಗಾರನ ಮನೆಯೊಳಗೆ ಹೋಗಬಾರದು. ಬೀಸುಕಲ್ಲನ್ನು ಒತ್ತೆ ಹಿಡಿದರೆ ಜೀವವನ್ನೇ ಒತ್ತೆ ಹಿಡಿದಂತೆ. ಬಡತನದಲ್ಲಿದ್ದವರಿಗೆ ಕೊಟ್ಟದ್ದಕ್ಕೆ ಬಡ್ಡಿ ಕೇಳಬಾರದು. ತಾತ ಕೇಳಲೂ ಇಲ್ಲ.

ಆ ಕಂಬಳಿಯಲ್ಲಿ ನನ್ನ ಮಗ್ಗುಲಿಗೆ ಮಲಗುತ್ತಿದ್ದವಳು ನೀನು. ಮೂರು ತಿಂಗಳ ಕೂಸು.

ಆ ಸಾಲ ತೀರಲು ಎರಡು ವರ್ಷ ಹಿಡಿಯಿತು. ಪೆಟ್ಟಿಗೆ ನನ್ನ ಕೈಯಲ್ಲಿ ಇದ್ದುದರಿಂದ ತೀರಿತು. ನಿನ್ನ ದುಡ್ಡೂ ಬಂದೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಬಾರದೆಯೂ ಹೋಗಬಹುದು. ಆದರೂ ಯಂತ್ರ ಕೊಟ್ಟುಬಿಡು ಮಗಳೇ, ಇವತ್ತೇ ಕೊಡು. ಒಳಗೆ ನುಗ್ಗಬೇಡ. ಬಾಗಿಲಲ್ಲಿ ನಿಂತು, ಎಲ್ಲಿ ಇಡಲಿ ಎಂದು ಅವಳನ್ನು ಕೇಳು.

ನಿನ್ನ ಮೇಲೆ ಎಳ್ಳಷ್ಟೂ ಕೋಪವಿಲ್ಲದ,
ಅಮ್ಮ

ತಾ.ಕ.: ಸರಕು ತರಲು ಹೋಗುತ್ತೇನೆಂದು ನಿನಗೆ ಹೇಳಿ ಬಂದ ಅಳಿಯಂದಿರು ಮೊನ್ನೆಯಿಂದ ನನ್ನ ಮನೆಯಲ್ಲೇ ಇದ್ದಾರೆ. ಆ ಯಂತ್ರ ಹೊತ್ತು ತಂದವರು ಅವರೇ ತಾನೆ? ಎದುರುಮನೆಯವಳ ಮುಖ ನೋಡೋಕಾಗಲ್ಲ ಅತ್ತೆ ಎಂದು ಕಲಸಿದ ಅನ್ನ ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಬೈಯಬೇಡ. ಈ ಕಾಗದ ತರುತ್ತಿರುವವರೂ ಅವರೇ. ಇದನ್ನು ನಿಮ್ಮ ಅಂಗಡಿಯ ಕೆಲಸದ ಹುಡುಗಿಯ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಬೀದಿಯಲ್ಲೇ ನಿಂತಿರುತ್ತಾರಂತೆ. ಯಂತ್ರ ಒಬ್ಬಳ ಕೈಲಿ ಏಳುವುದಿಲ್ಲ, ಅವರನ್ನು ಕರೆ.