ಮರಿ ಮೊದಲು

ಕುಹ್ಮೊ,
ಅಕ್ಟೋಬರ್ ೧೯, ಸೋಮವಾರ

ಪ್ರೀತಿಯ ಸೈಮಿ ಕೂಸೇ,

ಆರೋಗ್ಯವಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಕಾಫಿಯಲ್ಲೇ ದಿನ ದೂಡುತ್ತೀಯೋ? ಮೂರು ವಾರದಿಂದ ನಿನ್ನ ಫೋನ್ ಇಲ್ಲ. ನನ್ನ ಮೊಣಕಾಲು ಕಿರುಗುಟ್ಟುತ್ತದೆ, ಆದರೂ ನಾನು ಹೋಗೆಂದಲ್ಲಿಗೆ ಹೋಗುತ್ತದೆ, ಅಷ್ಟು ಸಾಕು. ಕೆರೆಯ ಅಂಚು ಆಗಲೇ ಹೆಪ್ಪುಗಟ್ಟಿದೆ.

ನಿನ್ನ ಸುದ್ದಿಯನ್ನು ನಮಗೆ ಮೊದಲು ಹೇಳಿದವಳು ರೌಹಾ, ಮೊನ್ನೆ ಶನಿವಾರ, ಬೇಟೆ ಸಂಘದ ಗುಡಿಸಲಿನಲ್ಲಿ ಸಾರಿನ ಹಂಡೆಯ ಮುಂದೆ ನಿಂತು. ಅವಳ ತಂಗಿಯ ಮೊಮ್ಮಗ ತಾಂಪೆರೆಯಲ್ಲಿ ನಿನ್ನ ಜೊತೆಗೇ ಕೆಲಸಕ್ಕಿದ್ದಾನಲ್ಲ, ಅವನಿಂದ ಬಂದ ಮಾತು. "ಆರ್ನೆ, ಫೋನಲ್ಲಿ ಹಿರ್ವಿ ಕಡವೆ ಹೊಡೆಯೋ ಆಟ ಬಂದಿದೆಯಲ್ಲ, ಅದು ನಿನ್ನ ಮೊಮ್ಮಗಳು ಮಾಡಿದ್ದಂತೆ ಕಣೋ." ನನಗೆ ಗೊತ್ತಿರಲಿಲ್ಲ. 'ಕಂಪ್ಯೂಟರ್ ಕೆಲಸ' ಎಂದಷ್ಟೇ ನೀನು ಹೇಳಿದ್ದೆ, ನಾನೂ ಅಷ್ಟಕ್ಕೇ ತಲೆಯಾಡಿಸಿದ್ದೆ. ಆಟವನ್ನು ಮೊದಲು ನಮ್ಮ ಫಿನ್ಲೆಂಡಿನಲ್ಲಿ ಮಾತ್ರ ಬಿಟ್ಟು ನೋಡುತ್ತಾರಂತೆ. ಇಲ್ಲಿ ನಿಂತರೆ ಜರ್ಮನಿಗೆ, ಆಮೇಲೆ ಲೋಕಕ್ಕೆ. ಮೊದಲ ವಾರ ನಲವತ್ತು ಸಾವಿರ ಜನ ಇಳಿಸಿಕೊಂಡರು, ಶೂಟಿಂಗ್ ಆಟಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನ. ಎರಡನೆಯ ವಾರ ಹತ್ತರಲ್ಲಿ ಒಬ್ಬ ಮಾತ್ರ ಮತ್ತೆ ತೆರೆದ. ಈಗ ಪಟ್ಟಿಯಲ್ಲಿ ಇನ್ನೂರರ ಆಚೆ. ತಿಂಗಳ ಕೊನೆಯೊಳಗೆ ಮೇಲೇಳದಿದ್ದರೆ ಆಟದ ಜೊತೆಗೆ ನಿಮ್ಮ ಐದು ಜನರ ಕಂಪನಿಯೂ ಮುಚ್ಚುತ್ತದಂತೆ. ಫೋನ್ ಯಾಕಿಲ್ಲ ಎಂದು ಆಗ ಅರ್ಥವಾಯಿತು.

ನಮ್ಮ ಸಂಘದವರೆಲ್ಲ ಆಟ ಆಡಿದವರೇ. ಪೆಂಟಿ, "ಮಂಜು ನಮ್ಮೂರ ಮಂಜೇ, ಚೆನ್ನಾಗಿ ಬಿಡಿಸಿದ್ದಾಳೆ. ಆದ್ರೆ ಗಾಳಿ ನಮ್ಮ ಕಡೆಯಿಂದ ಬೀಸ್ತಿದ್ರೂ ಆ ಹಿರ್ವಿ ಮೂಗೇ ಎತ್ತಲ್ಲ. ನೆಗಡಿನಾ ಅದಕ್ಕೆ?" ಎಂದ. ರೌಹಾ ಬಿಡಲಿಲ್ಲ: "ಬೈಬೇಡ ಕಣೋ. ಈ ಜನ್ಮದಲ್ಲಿ ನಿನ್ನ ಗುಂಡೇಟಿಗೆ ಬಿದ್ದಿರೋ ಹಿರ್ವಿ ಅದೊಂದೇ."

ಆದರೆ ಆಟ ಬಿದ್ದದ್ದು ಮೂಗಿನಿಂದಲ್ಲ, ಕೂಸೇ. ತಾಯಿಯೂ ಮರಿಯೂ ಜೊತೆಗೆ ಬಂದಾಗ ತಾಯಿಗೆ ಹೊಡೆದರೆ ನೂರು ಅಂಕ, ಮರಿಗೆ ತಾಗಿದರೆ ಆಟವೇ ಮುಗಿಯಿತು. ಕರುಣೆಯಿಂದಲೇ ಹಾಗಿಟ್ಟಿದ್ದೀಯ, ಗೊತ್ತು. ಆದರೆ ತಾಯಿ ಹೋದ ಮರಿ ಎದೆಮಟ್ಟದ ಹಿಮದಲ್ಲಿ ಒಂಟಿಯಾಗಿ ಹಸಿದು ಸಾಯುತ್ತದೆ. ಅದಕ್ಕೇ ನಮ್ಮಲ್ಲಿ ಹೊಡೆಯುವುದಾದರೆ ಮರಿ ಮೊದಲು, ತಾಯಿ ಆಮೇಲೆ. ಇಲ್ಲವೇ ಎರಡನ್ನೂ ಬಿಟ್ಟುಬಿಡು. ಬೇಟೆ ಬಲ್ಲ ಮನೆಯಲ್ಲೆಲ್ಲ ಈ ಮಾತಿದೆ. ನಿನಗೆ ತಿಳಿಯದ್ದು ನಿನ್ನ ತಪ್ಪಲ್ಲ. ಒಂಬತ್ತು ವರ್ಷದವಳು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, "ನಾನೂ ಬರ್ತೀನಿ ತಾತಾ" ಎಂದಿದ್ದೆ. "ನಿನಗ್ಯಾಕೆ ಅದೆಲ್ಲ, ಹೋಗಿ ಹಣ್ಣು ಆರಿಸು" ಎಂದು ಬುಟ್ಟಿ ಕೊಟ್ಟು ಕಳಿಸಿದವನು ನಾನು.

ಸಂಘದ ಎಲ್ಲರೂ ನಿನ್ನನ್ನು ನೆನೆದಿದ್ದಾರೆ. ನಿನ್ನ ಕೈ ಬೆಚ್ಚಗಿರಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ ತಾತ,
ಆರ್ನೆ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಆಟಕ್ಕೆ ಒಂದೇ ನಕ್ಷತ್ರ ಕೊಟ್ಟು, 'ಮರಿಯನ್ನು ಅನಾಥ ಮಾಡುವವನಿಗೆ ನಮ್ಮ ಗುಡಿಸಲಲ್ಲಿ ಸಾರಿಲ್ಲ' ಎಂದು ಒಬ್ಬ ಬರೆದ, ಅದಕ್ಕೆ ಆರು ಸಾವಿರ ಜನ ಹೌದು ಹೌದು ಎಂದರಲ್ಲ, 'ಮುದಿ ಕೋವಿ' ಎಂಬ ಹೆಸರಿನವನು? ಅದು ನಾನೇ. ನಿನ್ನದೆಂದು ತಿಳಿಯದೆ ಬರೆದೆ. ಬರೆದದ್ದು ಸುಳ್ಳಲ್ಲ, ಹಾಗಾಗಿ ಇನ್ನೂ ಅಳಿಸಿಲ್ಲ. ನೀನು ಸರಿಪಡಿಸಿದ ದಿನ ನಾನೇ ಹೊಸದಾಗಿ ಬರೆಯುತ್ತೇನೆ. ಶನಿವಾರ ಎಲ್ಲರೆದುರು ಒಪ್ಪಿಕೊಂಡೆ. ರೌಹಾ, "ಹಾಗಾದ್ರೆ ನಿನಗೂ ಇವತ್ತು ಸಾರಿಲ್ಲ" ಎಂದಳು, ಕೊಡಲೂ ಇಲ್ಲ. ಮರುದಿನ ಬೆಳಿಗ್ಗೆ ಹವೆ ಬೇಟೆಗೆ ಹೇಳಿಮಾಡಿಸಿದಂತಿತ್ತು, ಆದರೆ ಎಂಟು ಜನರಲ್ಲಿ ಒಬ್ಬರೂ ಕೋವಿ ಮುಟ್ಟಲಿಲ್ಲ. ಮೇಜಿನ ಸುತ್ತ ಕೂತು ಗಾಳಿ, ಹೆಜ್ಜೆ, ತಾಯಿ, ಮರಿ ಎಂದು ತಮಗೆ ತಿಳಿದದ್ದನ್ನೆಲ್ಲ ಹೇಳುತ್ತ ಹೋದರು, ರೌಹಾ ಪೆನ್ಸಿಲಿನಲ್ಲಿ ಬರೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಹಾಳೆ ತುಂಬಿತು. ಲಕೋಟೆ ದಪ್ಪಗಿರುವುದು ಅದಕ್ಕೇ.